ಕುರ್ಚಿಯ ಹಿಂದಿನ ತೂತು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ ತಂಗಿ ಕೂತಿದ್ದರು. ತಂಗಿ ಅಣು ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಎಂದು ಮಾತಿನಲ್ಲೇ ಗೊತ್ತಾಯಿತು. ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ.

“ನಿಜವಾಗ್ಲೂ ಕ್ಲೋರಿನ್ ಸೋರಿತ್ತಾ?”

“ಹೂಂ ಅಕ್ಕ. ನೀರಿಗೆ ಹಾಕೋ ಕ್ಲೋರಿನ್ನು, ಸ್ಥಾವರದ ಅಂಗಳದ ತುಂಬಾ ವಿಷದ ಗ್ಯಾಸು. ನಾವು ಆರು ಜನ ಒಳಗೆ ಬಾಗಿಲು ಮುಚ್ಕೊಂಡು ಕೂತಿದ್ವಿ.”

“ಎದ್ದು ಓಡೋದಲ್ವೇನೇ?”

“ಓಡಿದ್ರೆ ರಿಯಾಕ್ಟರ್ ನಿಲ್ಲಿಸೋರು ಯಾರು, ನಮ್ಮ ಭಾವ ಬಂದು ನಿಲ್ಲಿಸ್ತಾರಾ?”

“ಅಯ್ಯೋ, ಅವರಿಗೆ ಒಲೆ ಆರಿಸೋದೇ ನೆನಪಿರಲ್ಲ!”

“ಒಳಗೆ ಒಂಚೂರೂ ವಾಸನೆ ಬರ್ಲಿಲ್ಲ ಗೊತ್ತಾ? ನನ್ನ ಕುರ್ಚಿ ಹಿಂದೆ ಕೇಬಲ್ ತೂತಿಂದ ಗಾಳಿ ನುಗ್ಗುತ್ತೆ ಅಂತ ಹೋದ ತಿಂಗಳು ಜಗಳ ಆಡಿ ಮುಚ್ಚಿಸಿದ್ನಲ್ಲ.”

“ಮೇಡಂಗೆ ಚಳಿಯಂತೆ ಅಂತ ಎಲ್ರೂ ನಕ್ಕಿದ್ರಲ್ಲ, ಅದೇನಾ?”

“ಅದೇ! ಸಾಹೇಬ್ರಂತೂ ಶಾಲು ತಂದ್ಕೊಟ್ಟಿದ್ರು. ನಿನ್ನೆ ಎಲ್ಲಾ ಮುಗಿದ್ಮೇಲೆ ಆ ಗೋಡೆ ಸವರ್ತಾ ನಿಂತ್ಬಿಟ್ರು.”

“ನಿಂಗೆ ಹೆದರಿಕೆ ಆಗ್ಲಿಲ್ವಾ?”

“ಆಗ ಪುರುಸೊತ್ತೆಲ್ಲಿತ್ತು? ಈಗ ಆಗ್ತಿದೆ ನೋಡು.”

ಅವರ ಸ್ಟಾಪ್ ಬಂತು. ತಂಗಿ ಏಳಲು ಹೋಗಿ ನಗುತ್ತಾ ಮತ್ತೆ ಕುಸಿದು ಕೂತಳು. ಅಕ್ಕ ಅವಳ ಸೊಂಟ ಬಳಸಿ ಎಬ್ಬಿಸಿದಳು. ಕೆಳಗಿಳಿದ ಮೇಲೂ ಆ ಕೈ ತೆಗೆಯಲಿಲ್ಲ.