ಮೈಕಿನಲ್ಲಿ ಹೇಳಿದ ಶತ್ರು

...ಇಲ್ಲ ಅಂತ ಹೇಳಿದೆನಲ್ಲ ಡಾಕ್ಟ್ರೇ! ಸಿಡುಬೂ ಇಲ್ಲ, ಜ್ವರವೂ ಇಲ್ಲ. ಈ ಮನೆಯಲ್ಲಿ ನಾನೊಬ್ಬಳೇ, ಅಮ್ಮಣ್ಣಿ. ಚುಚ್ಚುವುದಾದ್ರೆ ತಗೊಳ್ಳಿ ಕೈ, ಚುಚ್ಚಿ. ಮಗಳಾ? ಶಶಿಪ್ರಭಾ ಬೆಳ್ತಂಗಡಿಯಲ್ಲಿದ್ದಾಳೆ, ಗಂಡನ ಮನೆಯಲ್ಲಿ... ಯಾಕೆ ನಗ್ತೀರಿ? ಓ, ಡಾಕ್ಟ್ರಲ್ವಾ, ಬರೀ ಸೂಜಿ ಚುಚ್ಚುವವರಾ? ನಮಗೆ ಎಲ್ಲ ಒಂದೇ ಮಾರಾಯ್ರೇ.

ಶಿರ್ತಾಡಿ ಶಾಲೆಯ ಮೀಟಿಂಗಿನಲ್ಲಿ ನಿಮ್ಮನ್ನು ನೋಡಿದ್ದೇನೆ. ಪೆಟ್ಟಿಗೆ ಹಿಡ್ಕೊಂಡು ಹಿಂದೆ ನಿಂತಿದ್ರಿ. ಭಾಷಣ ನಿಮ್ಮದಲ್ಲ, ಗೊತ್ತುಂಟು. ಮೈಕ್ ಹಿಡಿದಿದ್ದ ಆ ದೊಡ್ಡ ಆಫೀಸರದ್ದು. "ಸಿಡುಬು ನಮ್ಮ ಶತ್ರು! ಊರಿಗೆ ದಂಡೆತ್ತಿ ಬಂದಿದೆ! ಶತ್ರುವನ್ನು ಮನೆಯಲ್ಲಿ ಅಡಗಿಸಿದವ ದೇಶದ್ರೋಹಿ!" ಅಬ್ಬಬ್ಬಾ, ಎಂತ ಚಪ್ಪಾಳೆ! ನಾನೂ ತಟ್ಟಿದೆ. ಕಳೆದ ವರ್ಷ ಚೀನಾದವರ ಮೇಲಿನ ಸಿಟ್ಟಿಗೆ ಯುದ್ಧದ ಫಂಡಿಗೆ ಚಿನ್ನದ ಬಳೆ ಬಿಚ್ಚಿ ಕೊಟ್ಟವಳು ನಾನು. ತಟ್ಟದೆ ಇರ್ತೇನಾ?

ಮರುದಿನ ಗಾಡಿ ಹೊಡೆಯುವ ಕೂಸಪ್ಪನಿಗೆ ಮೈಮೇಲೆ ಬೊಕ್ಕೆ ಎದ್ದಿತು. ಅವನೇ... ಪಾಪ, ಅವನೇ ಹೇಳಿಕೊಂಡ, ಮದ್ದು ಸಿಗ್ತದೆ ಅಂತ. ದೊಣ್ಣೆ ಹಿಡ್ಕೊಂಡು ಬಂದ್ರು! ನೆರೆಕರೆಯವರೇ! ಗುಡ್ಡೆಗೆ ಅಟ್ಟಿದ್ರು. ಹೆಂಡತಿ ನೀರು ತಗೊಂಡು ಹೋದ್ರೆ, "ಶತ್ರುವಿಗೆ ನೀರು ಕೊಡ್ತೀಯಾ?" ಅಂತ ಚೆಂಬು ಒದ್ದರು. ಅಲ್ಲಿಯೇ ಸತ್ತ ಕೂಸಪ್ಪ. ಸಿಡುಬನ್ನು ಓಡಿಸಿ ಅಂತ ನೀವು ಹೇಳಿದ್ದಿರಬಹುದು... ಜನರಿಗೆ ಕಂಡದ್ದು ಕೂಸಪ್ಪ, ಅಲ್ವಾ?

ಮೊದಲು ಹೀಗಿರಲಿಲ್ಲ. "ಅಮ್ಮ ಬಂದಿದ್ದಾಳೆ" ಅಂತಿದ್ದೆವು. ಬೇವಿನ ಸೊಪ್ಪು ಹಾಸಿ, ಎಳನೀರಿನ ಬೊಂಡ ಕೆತ್ತಿ ಕೊಟ್ಟು, ಹತ್ತಿರ ಕೂತು ಮೆಲ್ಲಗೆ ಮಾತಾಡ್ತಿದ್ದೆವು. ಹಾಗಂತ... ಹಾಗಂತ ಒಳ್ಳೆಯದಾಯ್ತು ಅಂತಲ್ಲ. ಮನೆಗೆ ಬಂದ ತಾಯಿಗೆ ಸೂಜಿ ಚುಚ್ಚಲಿಕ್ಕುಂಟಾ ಅಂತ ನಮ್ಮ ಯಜಮಾನ್ರು ನಿಮ್ಮಂಥವರನ್ನು ಅಂಗಳದಿಂದಲೇ ಕಳಿಸಿದ್ರು. ಅದೇ ವರ್ಷ ಸಿಡುಬಿನಲ್ಲೇ ತೀರಿಹೋದ್ರು. ನೀವೇ ಹೇಳಿ ಡಾಕ್ಟ್ರೇ. ಅದನ್ನು ಏನಂತ ಕರೆಯಬೇಕು, ತಾಯಿ ಅಂತಲಾ, ಶತ್ರು ಅಂತಲಾ?

ಎಂತ ನೋಡ್ತೀರಿ? ಬಾಗಿಲಾ? ಅದು ಅಕ್ಕಿ ಇಡುವ ಕೋಣೆ. ಬೇವಿನ ಸೊಪ್ಪು... ಅಕ್ಕಿಗೆ ಹುಳ ಬೀಳ್ತದಲ್ಲ, ಅದಕ್ಕೆ. ಬೊಂಡದ ಚಿಪ್ಪು? ನಾನೇ ಕುಡಿದದ್ದು. ಸೆಖೆ ನೋಡಿ.

ಇನ್ನು ಹೊರಡಿ. ಬಸ್ಸು ತಪ್ತದೆ.

...ಯಾಕೆ ಕೂತ್ಕೊಂಡ್ರಿ? ಏನಾದ್ರೂ ಹೇಳಿ. ಬೈಯಿರಿ ಬೇಕಾದ್ರೆ. ಪೊಲೀಸರನ್ನು ಕರೀತೇನೆ ಅಂತಾದ್ರೂ ಹೇಳಿ!

ಚಪ್ಪಲಿ ಕಳಚಿದ್ರಾ, ಅಮ್ಮ ಬಂದ ಮನೆಯಲ್ಲಿ ಕಳಚುವ ಹಾಗೆ?

ಹೊರಗೆ ಯಾರಾದ್ರೂ ಇದ್ದಾರಾ? ನೀವೊಬ್ಬರೇ ತಾನೆ? ನನ್ನ ಮೇಲೆ ಆಣೆ?

...ಬನ್ನಿ. ತಡೀರಿ, ದೀಪ ತರ್ತೇನೆ. ಕಿಟಕಿಗೆ ನಾನೇ ಗೋಣಿ ಹೊಡೆದಿದ್ದೇನೆ, ಒಳಗೆ ಏನೂ ಕಾಣುವುದಿಲ್ಲ. ನೀವೇ ಒಮ್ಮೆ ಕರೆಯಿರಿ, ಗಟ್ಟಿಯಾಗಿ, "ಶಶಿಪ್ರಭಾ" ಅಂತ. ಬೆಳಗ್ಗಿನಿಂದ ನಾನು ಕರೆದ್ರೆ ಓಗೊಡುವುದಿಲ್ಲ.