ಬಾಮೈದನ ಮೂಗು ಕಚ್ಚಿದ ಗಡ್ಡದ ಹಲ್ಲಿಯ ಬಗ್ಗೆ

ಹೆಸರು: ಗುರುತಿನ ಚೀಟಿಯಲ್ಲಿ ಇರುವಂತೆ. ಬೀದಿಯವರು ಕರೆಯುವುದು ಇಸ್ತ್ರಿಯಣ್ಣ ಎಂದು. ವಯಸ್ಸು: ಐವತ್ತೊಂದು. ಓದು: ಐದನೇ ತರಗತಿ. ಕಸುಬು: ಬಟ್ಟೆ ಇಸ್ತ್ರಿ ಮಾಡುವುದು. ವಾಸ: ಮಾರುಕಟ್ಟೆ ಹಿಂದಿನ ರಸ್ತೆ, ಔಷಧಿ ಅಂಗಡಿಯ ಮೇಲಿನ ಮನೆ. ನನ್ನ ಇಸ್ತ್ರಿ ಅಂಗಡಿ ಅದೇ ಕಟ್ಟಡದ ಮೆಟ್ಟಿಲ ಕೆಳಗಿದೆ.

ನನ್ನ ಹೆಂಡತಿಯ ತಮ್ಮ ನನ್ನ ಮೇಲೆ ಕೊಟ್ಟ ದೂರನ್ನು ಪೇದೆಯವರು ಓದಿ ಹೇಳಿದರು. ಅದಕ್ಕೆ ಉತ್ತರವಾಗಿ ನಾನು ಈ ಮೂಲಕ ಹೇಳಿ ಬರೆಸುವುದೇನೆಂದರೆ:

ದೂರಿನಲ್ಲಿ "ಅಪಾಯಕಾರಿ ಪ್ರಾಣಿ" ಎಂದು ಬರೆದಿರುವುದು ಗಡ್ಡದ ಹಲ್ಲಿಯನ್ನು. ಮಾರುವವರು ಅದನ್ನು ಬಿಯರ್ಡೆಡ್ ಡ್ರ್ಯಾಗನ್ ಎನ್ನುತ್ತಾರೆ. ಅದು ಮೊಸಳೆ ಮರಿಯಲ್ಲ, ಉಡವೂ ಅಲ್ಲ. ಬಾಲ ಸೇರಿ ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಬರುತ್ತದೆ. ಇನ್ನೂ ವರ್ಷ ತುಂಬಿಲ್ಲ. ಹೆದರಿದರೆ ಗಂಟಲ ಕೆಳಗಿನ ಚರ್ಮ ಉಬ್ಬಿ ಕಪ್ಪಾಗುತ್ತದೆ, ಅದೇ ಗಡ್ಡ.

ನನ್ನ ಬಾಮೈದನಿಗೆ ಫರ್ನಿಚರ್ ಶೋರೂಮ್ ಇದೆ. ಬಂದ ಗಿರಾಕಿ ನಿಂತು ನೋಡಲಿ ಎಂದು ಏಳು ತಿಂಗಳ ಹಿಂದೆ ಈ ಮರಿಯನ್ನು ತಂದು ಬಾಗಿಲ ಹತ್ತಿರ ಗಾಜಿನ ಪೆಟ್ಟಿಗೆಯಲ್ಲಿಟ್ಟ. ಗಿರಾಕಿ ಬಗ್ಗಿದರೆ ಅದು ಬಾಯಿ ತೆರೆದು ಗಾಜಿಗೆ ಹಾರುತ್ತಿತ್ತು. ಬಾಮೈದನ ಬೆರಳನ್ನು ಎರಡು ಸಲ ಕಚ್ಚಿತು. ತಿಂಗಳು ತುಂಬುವ ಮೊದಲೇ ಪೆಟ್ಟಿಗೆ ಸಮೇತ ತಂದು ನಮ್ಮ ಮೆಟ್ಟಿಲ ಮೇಲಿಟ್ಟ. "ಅಕ್ಕಾ, ಇದು ಪ್ರಾಣಿ ಅಲ್ಲ, ಪೀಡೆ. ಭಾವ ಇಟ್ಕೊಂಡ್ರೆ ಇಟ್ಕೊಳ್ಲಿ, ಇಲ್ಲಾಂದ್ರೆ ಮೋರಿಗೆ ಹಾಕ್ತೀನಿ" ಎಂದು ಕೆಳಗಿನಿಂದಲೇ ಕೂಗಿದ. ಹತ್ತಿ ಬಂದು ನೀರೂ ಕುಡಿಯಲಿಲ್ಲ.

ಆಗ ನಾನು, "ನಿಮ್ಮನೆಯಿಂದ ನಂಗೆ ಕೊಡೋದೆಲ್ಲ ಕಚ್ಚೋದೇ" ಎಂದೆ. ಹೆಂಡತಿ ಸೌಟು ತೋರಿಸಿ ನಕ್ಕಳು. ಇದು ತಮಾಷೆ. ತಮಾಷೆ ಬಂದ ಕಡೆ ಪೇದೆಯವರು ಒಂದು ಗುರುತು ಹಾಕಿಕೊಳ್ಳಲಿ, ಮುಂದೆ ಬೇಕಾಗುತ್ತದೆ.

ಮೊದಲ ವಾರ ಅದು ನನ್ನನ್ನೂ ಬಿಡಲಿಲ್ಲ. ಕೈ ಹಾಕಿದರೆ ಗಡ್ಡ ಕಪ್ಪು, ಬಾಯಿ ತೆರೆ, ಹಿಡಿ. ನಾನು ಪ್ರಾಣಿ ಮಾರುವ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು, ಅದಕ್ಕೆ ಸಿಟ್ಟಲ್ಲ ಹೆದರಿಕೆ, ಮೇಲಿಂದ ಬರುವುದೆಲ್ಲ ಅದಕ್ಕೆ ಹದ್ದು, ಪಕ್ಕದಿಂದ ಕೈ ತನ್ನಿ ಎಂದ. ಗಾಜಿನಲ್ಲಿ ತನ್ನ ಮುಖವನ್ನೇ ಕಂಡು ಇನ್ನೊಬ್ಬ ಬಂದ ಎಂದುಕೊಳ್ಳುತ್ತದೆ, ಮೂರು ಕಡೆ ಕಾಗದ ಅಂಟಿಸಿ ಎಂದೂ ಹೇಳಿದ. ಕಡೆಯದಾಗಿ, ಕಚ್ಚಿದಾಗ ಕೈ ಎಳೆಯಬೇಡಿ, ಎಳೆದರೆ ಕಚ್ಚಿದ್ದಕ್ಕೇ ಹೋದ ಎಂದು ಕಲಿಯುತ್ತದೆ ಎಂದ.

ನನ್ನ ಕೈ ಮೂವತ್ತು ವರ್ಷದಿಂದ ಮೇಲಿಂದ ಕೆಳಕ್ಕೆ ಒತ್ತಿಯೇ ಬದುಕಿದ ಕೈ. ಅದನ್ನು ಪಕ್ಕದಿಂದ ತರುವುದಕ್ಕೆ ನಾನೇ ಮೊದಲು ಪಳಗಬೇಕಾಯಿತು. ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಮೇಜಿನ ಮೇಲಿಟ್ಟೆ. ಕಾವಿಲ್ಲದೆ ಅದು ಬದುಕುವುದಿಲ್ಲ ಎಂದು ಮೇಲೆ ಹಿಡಿಯಿರುವ ಒಂದು ಬಲ್ಬು ಹಾಕಿದೆ. ಗಾಜಿಗೆ ಕಾಗದ ಅಂಟಿಸಿದೆ. ವಾಸನೆ ರೂಢಿಯಾಗಲಿ ಎಂದು ನನ್ನ ಹಳೇ ಬನಿಯನ್ ಒಳಗೆ ಹಾಸಿದೆ. ಅದಕ್ಕೆ ಹೆಂಡತಿ, "ಆ ವಾಸನೆ ತಡ್ಕೊಂಡು ಉಳೀತಂದ್ರೆ ನೂರು ವರ್ಷ ಬದುಕತ್ತೆ ಬಿಡಿ" ಎಂದಳು. ದಿನಾ ಬೆಳಿಗ್ಗೆ ಕೈಯನ್ನು ಪಕ್ಕದಿಂದ ಒಳಗಿಟ್ಟು, ಅಂಗೈಯಲ್ಲಿ ಹುಳ ಹಾಕಿ, ಅಲುಗದೆ ಕೂರುತ್ತಿದ್ದೆ. ಕಚ್ಚಿದರೆ ಎಳೆಯಲಿಲ್ಲ. ಇಸ್ತ್ರಿಪೆಟ್ಟಿಗೆ ಸುಟ್ಟದ್ದಕ್ಕಿಂತ ಅದರ ಹಲ್ಲು ದೊಡ್ಡದಲ್ಲ.

ಎರಡನೇ ತಿಂಗಳು ಅಂಗೈಯಿಂದ ಹುಳ ತಿಂದಿತು. ಮೂರನೇ ತಿಂಗಳು ತಾನಾಗಿ ತೋಳು ಹತ್ತಿತು. ಆಮೇಲೆ ಮಧ್ಯಾಹ್ನ ಅಂಗಡಿಗೆ ತರತೊಡಗಿದೆ. ಇಸ್ತ್ರಿ ಮೇಜಿನ ಕಾವು ಅದಕ್ಕೆ ಬಹಳ ಹಿಡಿಸಿತು. ಮಡಿಸಿಟ್ಟ ಬಟ್ಟೆಗಳ ಪಕ್ಕದಲ್ಲಿ ಕಣ್ಣು ಮುಚ್ಚಿ ಬಿದ್ದಿರುತ್ತಿತ್ತು. ಗಿರಾಕಿಗಳು ಬಂದು ಬೆನ್ನು ಸವರುತ್ತಿದ್ದರು. ಯಾರನ್ನೂ ಕಚ್ಚಿಲ್ಲ. ನಾನು ಅದನ್ನು ಯಜಮಾನರು ಎನ್ನುತ್ತಿದ್ದೆ. "ಯಜಮಾನ್ರು ಮಲಗಿದಾರೆ, ನಿಧಾನ ಮಾತಾಡಿ" ಎಂದರೆ ಬೀದಿಯೇ ನಗುತ್ತಿತ್ತು. ಹಾಗೆ ನಕ್ಕವರಲ್ಲಿ ಒಬ್ಬರು ಬಾಮೈದನಿಗೆ ವಿಷಯ ತಿಳಿಸಿದರು.

ಕಳೆದ ತಿಂಗಳು ಒಂದು ಭಾನುವಾರ ಬಾಮೈದ ಹೆಂಡತಿಯೊಡನೆ ನಮ್ಮಲ್ಲಿಗೆ ಊಟಕ್ಕೆ ಬಂದ. ಯಜಮಾನರು ನನ್ನ ಹೆಗಲ ಮೇಲಿದ್ದರು. ನೋಡಿ ನೋಡಿ, "ಏನ್ ಭಾವ, ಮಂತ್ರ ಹಾಕಿದ್ರಾ? ಹೇಗೆ ಪಳಗಿಸಿದ್ರಿ?" ಎಂದ. ಅದಕ್ಕೆ ನಾನು, "ಎಲ್ಲಿ ಪಳಗ್ಸೋದಪ್ಪ, ಟ್ರೈನಿಂಗ್ ಕೊಟ್ಟಿದೀನಿ. ನಿನ್ನ ಫೋಟೋ ತೋರ್ಸಿ ತೋರ್ಸಿ ಹುಳ ಹಾಕಿದೀನಿ. ನೀನು ಹತ್ರ ಬಂದ್ರೆ ಸಾಕು, ಮೂಗೇ ಹಿಡ್ಕೊಳ್ಳತ್ತೆ" ಎಂದೆ. ಎಲ್ಲರೂ ನಕ್ಕೆವು. ಬಾಮೈದ ಎಲ್ಲರಿಗಿಂತ ಜಾಸ್ತಿ ನಕ್ಕು ಕೆಮ್ಮು ಬಂದು ನೀರು ಕುಡಿದ. ಇದೂ ತಮಾಷೆ. ಇದಕ್ಕೆ ಎರಡು ಗುರುತು ಹಾಕಬೇಕಾಗಿ ಕೋರುತ್ತೇನೆ.

ಊಟ ಮುಗಿದ ಮೇಲೆ, ಎರಡನೇ ಶೋರೂಮ್ ತೆರೆಯುತ್ತಿದ್ದೇನೆ, ಆ ದಿನಕ್ಕೆ ಇದನ್ನು ಕೊಡಿ, ಬಂದವರು ಹೆಗಲ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ ಎಂದು ಕೇಳಿದ. ನಾನು ಕೊಡುವುದಿಲ್ಲ, ಅಷ್ಟು ಜನ ಕಂಡರೆ ಹೆದರುತ್ತದೆ ಎಂದೆ. "ನಂದೇ ಅಲ್ವಾ ಭಾವ, ದುಡ್ಡು ಕೊಟ್ಟು ತಂದಿದ್ದು ಯಾರು?" ಎಂದ. ನಾನು ಯಜಮಾನರನ್ನು ಹೆಗಲಿಂದ ಇಳಿಸಿ ಪೆಟ್ಟಿಗೆಗೆ ಬಿಟ್ಟೆ. ಒಂದು ಜೋಕೂ ಹೊಳೆಯಲಿಲ್ಲ.

ಕಳೆದ ಶನಿವಾರ ಸಂಜೆ ನಾನು ಇಸ್ತ್ರಿ ಮಾಡಿದ ಹನ್ನೆರಡು ಜೊತೆ ಬಟ್ಟೆ ತಲುಪಿಸಲು ಹೋಗಿದ್ದೆ. ಅವು ಬಾಮೈದನ ಹೊಸ ಶೋರೂಮಿನ ಕೆಲಸದವರ ಸಮವಸ್ತ್ರ. ತಿರುಗಿ ಮನೆಗೆ ಬಂದಾಗ ಮೇಜಿನ ಮೇಲೆ ಪೆಟ್ಟಿಗೆ ಇರಲಿಲ್ಲ. ಕಾವಿನ ಬಲ್ಬು ಮಾತ್ರ ಬರೀ ಮೇಜಿಗೆ ಉರಿಯುತ್ತಿತ್ತು. ಹೆಂಡತಿಯನ್ನು ಕೇಳಿದೆ. "ತಮ್ಮ ಬಂದಿದ್ದ, ಕೊಟ್ಟೆ. ಒಂದು ಹಲ್ಲಿಗೋಸ್ಕರ ತಮ್ಮನ್ನ ಬಿಡಕ್ಕಾಗತ್ತಾ?" ಎಂದಳು. ಹೋಗಲಿ, ಬಲ್ಬನ್ನಾದರೂ ಕೊಟ್ಟು ಕಳಿಸಬೇಕಿತ್ತು ಎಂದೆ. ಅವಳು, "ನಂಗೆ ಜ್ವರ ಬಂದಾಗ ಒಂದು ಕಂಬಳಿ ಹೊದಿಸಿದೋರಲ್ಲ ನೀವು" ಎಂದು ಒಳಗೆ ಹೋದಳು. ಈ ಮಾತು ಕೇಸಿಗೆ ಬೇಡವಾದರೆ ಹೊಡೆದುಹಾಕಬಹುದು. ಆದರೆ ಅವಳು ಹೇಳಿದ್ದು ನಿಜ.

ಮಾರನೇ ದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಲ್ಬು ಹಿಡಿದುಕೊಂಡು ಹೊಸ ಶೋರೂಮಿಗೆ ಹೋದೆ. ಬಾಗಿಲಲ್ಲಿ ನಾನೇ ಇಸ್ತ್ರಿ ಮಾಡಿದ ಅಂಗಿ ತೊಟ್ಟವನು ಕೈ ಅಡ್ಡ ಹಿಡಿದ. ಬಾಮೈದ ಹೊರಗೆ ಬಂದು, "ಭಾವ, ಇವತ್ತು ಬೇಡ. ದೊಡ್ಡ ದೊಡ್ಡೋರು ಬರ್ತಿದಾರೆ. ಅಕ್ಕ ಒಳಗಿದಾಳೆ, ಊಟ ಕಟ್ಟಿ ಕೊಡ್ತಾಳೆ" ಎಂದ. ಹೆಂಡತಿ ನನಗಿಂತ ಮೊದಲೇ ಹೋಗಿದ್ದದ್ದು ನನಗೆ ಗೊತ್ತಾಗಿದ್ದು ಆಗಲೇ. ಅದನ್ನು ಕೈ ಮೇಲಿಂದ ಹಾಕಿ ಹಿಡಿಯಬೇಡ, ಪಕ್ಕದಿಂದ ಹಿಡಿ, ಬಲ್ಬನ್ನಾದರೂ ಹಾಕು ಎಂದೆ. ಬಾಗಿಲು ಮುಚ್ಚಿತ್ತು.

ನಾನು ಪಾದಚಾರಿ ದಾರಿಯಲ್ಲಿ ನಿಂತು ಗಾಜಿನ ಮೂಲಕ ನೋಡಿದೆ. ಒಳಗೆ ಏಸಿ ಇತ್ತು, ಗಾಜು ತಣ್ಣಗಿತ್ತು. ಯಜಮಾನರು ಸೋಫಾದ ಕೈಯ ಮೇಲೆ ಮೈ ಚಪ್ಪಟೆ ಮಾಡಿ ಕೂತಿದ್ದರು. ಗಡ್ಡ ಆಗಲೇ ಕಪ್ಪಾಗಿತ್ತು. ಸುತ್ತ ನಿಂತವರು ಅದನ್ನು ಅಂದ ಎಂದುಕೊಂಡು ಫೋನು ಹಿಡಿದಿದ್ದರು. ಬಾಮೈದ ಮೇಲಿಂದ ಕೈ ಹಾಕಿ ಎತ್ತಿದ. ನಾನು ಗಾಜು ತಟ್ಟಿದೆ. ಯಾರೂ ತಿರುಗಲಿಲ್ಲ. ಅವನು ಅದಕ್ಕೆ ಮುತ್ತು ಕೊಡುವವನಂತೆ ಮುಖದ ಹತ್ತಿರ ತಂದ. ನಾನು ಬಲ್ಬಿನ ಹಿಡಿಯಿಂದ ಜೋರಾಗಿ ತಟ್ಟಿದೆ. ಎಲ್ಲರೂ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಅದು ಅವನ ಮೂಗು ಹಿಡಿಯಿತು.

ದೂರಿನಲ್ಲಿ, ನಾನು ಗಾಜು ತಟ್ಟಿದ್ದೇ ಕಚ್ಚು ಎಂಬ ಸನ್ನೆ ಎಂದಿದೆ. ತರಬೇತಿ ಕೊಟ್ಟಿದ್ದನ್ನು ನಾನೇ ಊಟದ ದಿನ ಒಪ್ಪಿಕೊಂಡಿದ್ದೇನೆ ಎಂದೂ ಇದೆ. ಅದಕ್ಕೆ ನನ್ನ ಹೆಂಡತಿ ಸಾಕ್ಷಿ ಸಹಿ ಹಾಕಿದ್ದಾಳೆ. ಆ ಮಾತು ನಾನು ಆಡಿದ್ದು ನಿಜ, ಅವಳ ಸಾಕ್ಷಿಯಲ್ಲಿ ಸುಳ್ಳಿಲ್ಲ. ಅವಳು ನಕ್ಕಿದ್ದನ್ನು ಮಾತ್ರ ಬರೆಸಿಲ್ಲ.

ಇವತ್ತು ಠಾಣೆಗೆ ಬಂದಾಗ ಯಜಮಾನರು ಫ್ಯಾನಿನ ಕೆಳಗೆ ಚಪ್ಪಲಿ ಡಬ್ಬಿಯಲ್ಲಿದ್ದರು. ಡಬ್ಬಿಗೆ ಸಾಕ್ಷಿ ವಸ್ತು ಎಂದು ಚೀಟಿ ಕಟ್ಟಿತ್ತು. ಶನಿವಾರ ಸಂಜೆಯಿಂದ ಕಾವಿಲ್ಲ, ಮೈ ಇದ್ದಲಿನ ಬಣ್ಣಕ್ಕೆ ತಿರುಗಿತ್ತು. ಠಾಣೆಯ ಸಾಹೇಬರು ಬಿಡಿಸಿ ಹೇಳಿದರು. ಪ್ರಾಣಿ ಬಾಮೈದನದು ಎಂದು ಬರೆಸಿದರೆ ನಾನು ಈಗಲೇ ಮನೆಗೆ ಹೋಗಬಹುದು, ಅದು ಅವನ ಕೈಗೆ ಹೋಗುತ್ತದೆ. ನನ್ನದು ಎಂದರೆ ಅದು ಕಚ್ಚಿದ್ದಕ್ಕೆ ನಾನೇ ಹೊಣೆ, ಕೇಸು ನಡೆಯುತ್ತದೆ. ಬಾಮೈದ ಅಲ್ಲೇ ಬೆಂಚಿನ ಮೇಲೆ ಮೂಗಿಗೆ ಪಟ್ಟಿ ಹಾಕಿಕೊಂಡು ಕೂತಿದ್ದ. "ನಂಗೆ ಕೊಡಿ ಸಾರ್, ಇವತ್ತೇ ಮುಗಿಸ್ತೀನಿ" ಎಂದ. ಸಾಹೇಬರು, "ಇಸ್ತ್ರಿಯಣ್ಣ, ಹಲ್ಲಿಗೋಸ್ಕರ ಕೋರ್ಟು ಅಲೀತೀಯಾ? ಯೋಚ್ನೆ ಮಾಡು" ಎಂದರು.

ನಾನು ಒಂದು ಸಲ ನೋಡುತ್ತೇನೆ ಎಂದೆ. ಡಬ್ಬಿ ತೆರೆದರು. ಪಕ್ಕದಿಂದ ಕೈ ಇಟ್ಟೆ. ಅದಕ್ಕೆ ನನ್ನ ಗುರುತು ಹತ್ತಲಿಲ್ಲ. ಮೊದಲನೇ ವಾರದ ಹಾಗೆ ಗಡ್ಡ ಉಬ್ಬಿಸಿ, ಬಾಯಿ ತೆರೆದು, ಬಲಗೈ ತೋರುಬೆರಳು ಹಿಡಿಯಿತು. ಬಾಮೈದ, "ನೋಡಿ ಸಾರ್, ನೋಡಿ" ಎಂದು ಎದ್ದು ನಿಂತ. ನಾನು ಕೈ ಎಳೆಯಲಿಲ್ಲ. ಅದಾಗಿ ಬಿಡುವವರೆಗೆ ಹಾಗೇ ಇಟ್ಟಿದ್ದೆ. ಪೇದೆಯವರು ಬರೆಯುವುದನ್ನು ನಿಲ್ಲಿಸಿದ್ದರು, ಅದಕ್ಕೇ ಇದನ್ನು ನೆನಪಿಸಿ ಬರೆಸುತ್ತಿದ್ದೇನೆ.

ದೂರಿನ ಮೂರನೇ ಸಾಲಿನಲ್ಲಿ ಬಾಮೈದ ತನ್ನ ಬಾಯಿಂದಲೇ "ನನ್ನ ಭಾವನ ಪ್ರಾಣಿ" ಎಂದು ಬರೆಸಿದ್ದಾನೆ. ಆ ಸಾಲನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಪ್ರಾಣಿ ನನ್ನದು. ಅದು ಕಚ್ಚಿದ್ದೂ ನನ್ನದೇ. ಕೇಸು ಹಾಕಿ, ಕರೆದ ದಿನ ಬರುತ್ತೇನೆ. ಡಬ್ಬಿಯನ್ನು ಮಾತ್ರ ಬಿಸಿಲಿರುವಾಗಲೇ ನನ್ನ ಕೈಗೆ ಕೊಡಬೇಕು. ಮನೆಗೆ ಒಯ್ಯುವುದಿಲ್ಲ, ಅಂಗಡಿಯಲ್ಲಿಟ್ಟುಕೊಳ್ಳುತ್ತೇನೆ. ನಾನೂ ಅಲ್ಲೇ ಮಲಗುತ್ತೇನೆ. ಇದು ತಮಾಷೆ ಅಲ್ಲ.

ಬರೆದದ್ದನ್ನು ಪೇದೆಯವರು ಓದಿದರು, ಕೇಳಿದೆ. ತಮಾಷೆ ಎಲ್ಲಿದೆ ಎಂದು ಆಯಾ ಜಾಗದಲ್ಲೇ ಹೇಳಿದ್ದೇನೆ, ಮಿಕ್ಕಿದ್ದೆಲ್ಲ ನಡೆದದ್ದು ನಡೆದ ಹಾಗೆ.

ಸ್ಥಳ: ಠಾಣೆ, ಕಿಟಕಿ ಪಕ್ಕದ ಮೇಜು
ದಿನಾಂಕ: 19, ಮಂಗಳವಾರ, ಮಧ್ಯಾಹ್ನ ಮೂರೂ ಕಾಲು
ಸಹಿ: ಬಲಗೈ ಬೆರಳಿಗೆ ಪಟ್ಟಿ ಇರುವ ಕಾರಣ ಎಡಗೈಯಲ್ಲಿ ಹಾಕಿದ್ದು