ಮೈಲಾರೆಪ್ಪನ ಗಾಡಿಯ ಬ್ರೇಕ್ ಲೈಟು

ರಾತ್ರಿ ಹತ್ತೂವರಿ ಆಗಿತ್ತು. ಬ್ಯಾಡಗಿಯ ಕಾಗಿನೆಲೆ ರಸ್ತಾದಾಗಿನ ತನ್ನ ಶೆಡ್ ಬಾಗಲಾ ಎಳದು, ರುದ್ರಮುನಿ ಆಲದ ಮರದ ಬುಡಕ ಹಾದು ಮನಿಗೆ ಹೊಂಟಿದ್ದ. ಒಬ್ಬನ… ಬೈಕೋಂತ. ದೆವ್ವಕ್ಕ ಹೆದರಿ ಬೈಯಾಕತ್ತಿದ್ದ ಅನಕೋಬ್ಯಾಡ್ರಿ. ದೆವ್ವ ಸೈತ ಕಿವಿ ಮುಚ್ಚಿಕೊಳ್ಳಬೇಕು, ಅಂಥಾ ಹೊಲಸು ಬಾಯಿ ಅವಂದು. ನಮ್ಮ ಸ್ವಾದರಮಾವನ ಮಗ, ಅದಕ್ಕ ನಾ ಅಂದ್ರ ನಡೀತೈತಿ. ಗಾಡಿ ವಾಯರಿಂಗ್ ಕೆಲಸದಾಗ ಕೈ ಭಾಳ ಚಲೋ, ಇಲ್ಲ ಅನ್ನಂಗಿಲ್ಲ. ಆದ್ರ ಗಿರಾಕಿ ಅಂದ್ರ ಅವಂಗ ಕಾಲಾಗಿನ ಕಸ.

ಅವತ್ತ ಸಂಜಿಮುಂದ ಸುನಿತಾ ಅನ್ನೂ ಹೆಣ್ಣಮಗಳು ತೀರಿಕೊಂಡ ತಮ್ಮಪ್ಪ ಮೈಲಾರೆಪ್ಪನ ಬಿಳೇ ಅಂಬಾಸಿಡರ್ ತಂದು ನಿಲ್ಲಿಸಿದ್ಲು.

“ಬ್ರೇಕ್ ಒತ್ತಿದ್ರ ಹಿಂದಿನ ಕೆಂಪು ದೀಪ ಹತ್ತೂದಿಲ್ರಿ ಅಣ್ಣಾರ. ಹಿಂದ ಬರೋರು ಬೈತಾರ. ನಾಳೆ ಮುಂಜೇಲೆ ಅವ್ವನ್ನ ಕೂಡಿಸ್ಕೊಂಡು ರಾಣೆಬೆನ್ನೂರಿಗೆ ಹೋಗ್ಬೇಕು.”

ರುದ್ರಮುನಿ ಬಾಗಲದಾಗಿಂದ ಬಗ್ಗಿ ಕೈಲೆ ಪೆಡಲ್ ಒತ್ತಿದ. ದೀಪ ಜಗ್ ಅಂತ ಹತ್ತಿತು.

“ಕಂಡತೇನು? ಕಣ್ಣ ಅದಾವೋ ಇಲ್ಲೋ?”

“ಶೆಡ್ಡಿನ್ಯಾಗ ಹತ್ತತೈತ್ರಿ. ರಸ್ತಾದಾಗ ಹತ್ತಂಗಿಲ್ಲ. ಅಪ್ಪಾನೂ ಇದನ್ನ ಹೇಳ್ತಿದ್ದ… ಅಪ್ಪಗ ಆದದ್ದು ಅವ್ವಗ ಆಗಬಾರದು, ನೋಡ್ರಿ.”

ಖರೇನ, ಮೈಲಾರೆಪ್ಪ ಮೂರು ಸಲ ಬಂದಿದ್ದ, ಇದ ತಕರಾರು ತಗೊಂಡು. ಮೂರೂ ಸಲ ಇಂವ ಕೈಲೆ ಪೆಡಲ್ ಒತ್ತಿ ತೋರಿಸಿ, “ನಿನ್ನ ತಲೀ ವಾಯರ್ ಲೂಜ್ ಆಗೈತಿ ಮುದಕಾ, ನಡೀ,” ಅಂತ ಮಂದಿ ಮುಂದ ನಗ್ಯಾಡಿ ಕಳಿಸಿದ್ದ. ಹೋದ ವರ್ಷ ಕದರಮಂಡಲಗಿ ರಸ್ತಾದಾಗ ಎಮ್ಮಿ ಅಡ್ಡ ಬಂತು. ಮೈಲಾರೆಪ್ಪ ಬ್ರೇಕ್ ಹೊಡದ. ಹಿಂದಿನ ಲಾರಿಯವಗ ಗೊತ್ತ ಆಗಲಿಲ್ಲ, ಬಂದು ಗುದ್ದಿದ… ಗಾಡೀದು ಬಂಪರ್ ಬಾಗಿತು, ಅಷ್ಟ. ಮುದುಕನ ಎದಿ ಸ್ಟೇರಿಂಗಿಗೆ ಬಡದು ಅಲ್ಲೇ ಜೀವ ಹೋತು. ನಮ್ಮ ಶಾಣ್ಯಾ ಏನಂದ ಹೇಳ್ರಿ? “ಲಾರಿಯವ ಕುಡದಿದ್ದ, ನನ್ನ ದೀಪ ಏನ್ ಮಾಡತೈತಿ?”

ಸುನಿತಾ ಗಾಡಿ ಶೆಡ್ಡಿನ್ಯಾಗ ಬಿಟ್ಟು ಹೋಗಿದ್ಲು. ಈಗ ರುದ್ರಮುನಿ ಆಲದ ಮರದ ಬುಡಕ ಗಕ್ಕನ ನಿಂತ. “ನಿನ್ನೆ ಮೊನ್ನೆ ಸ್ಟೇರಿಂಗ್ ಹಿಡದಾಕಿ ನನಗ ಕಲಸ್ತಾಳ? ತಾಸುಗಟ್ಲೆ ದೀಪ ಹತ್ತಿಸಿ ಫೋನಿನ್ಯಾಗ ಹಿಡದು ಆಕಿ ಮಾರಿಗೆ ತೋರಸ್ತೇನಿ.” ತಿರುಗಿ ಹೊಂಟ. ಬ್ಯಾರೆಯವರಾಗಿದ್ರ ಉಂಡು ಮಲಗತಿದ್ರು. ಸೊಕ್ಕು, ನಿದ್ದಿ ಮಾಡಗೊಡೂದಿಲ್ಲ.

ಶೆಡ್ಡಿನ್ಯಾಗ ಪೆಡಲಿಗೂ ಸೀಟಿನ ಅಂಚಿಗೂ ನಡುವ ಕಟಗಿ ಸಿಗಿಸಿದ. ದೀಪ ಹತ್ತಿತು. ಹಿಂದ ಸ್ಟೂಲ್ ಹಾಕ್ಕೊಂಡು ಕುಂತ. ಹತ್ತು ಮಿನಿಟು… ದೀಪ ಅಲಗಾಡಲಿಲ್ಲ.

“ನೋಡು,” ಅಂದ, ಗ್ವಾಡಿಗೆ.

ಕಿರ್ರ್… ಅಂತು, ಗಾಡಿಯೊಳಗ. ಸೀಟಿನ ಸ್ಪ್ರಿಂಗಿನ ಸಪ್ಪಳ. ಗಾಡಿ ಬಲಕ್ಕ ಒಂದೀಟು ವಾಲಿತು.

ದೀಪ ಆರಿತು.

“ಯಾವನಲೇ ಅದು?” ಅಂದ. ಎದ್ದು ಬಾಗಲಾ ತಗದ. ಒಳಗ ಯಾರೂ ಇಲ್ಲ. ಕಟಗಿ ಇದ್ದಲ್ಲೇ ಐತಿ. ಡ್ರೈವರ್ ಸೀಟಿನ ರೆಗ್ಜಿನ್ ಮಾತ್ರ ತೆಗ್ಗು ಬಿದ್ದಿತ್ತು… ಈಗ ಯಾರೋ ಕುಂತಂಗ. ನೋಡಕೋಂತ ನಿಂತಾಗನ ಕಿರ್ರ್ ಅಂತ ಮೆಲ್ಲಕ ಉಬ್ಬಿ ಸಮಾ ಆತು. ಹಿಂದ ದೀಪ ಹತ್ತಿತು.

ಹೆದರಿ ಓಡಬೇಕಿತ್ತು. ಓಡಲಿಲ್ಲ. ಕಸಬು ಕೈಯಾಗ ಇತ್ತಲ್ಲ, ಅದು ಬಿಡಲಿಲ್ಲ. ಕೈಲೆ ಸೀಟು ಅಮುಕಿದ. ದೀಪ ಆರಿತು. ಕೈ ತಗದ. ಹತ್ತಿತು.

ಕಟಗಿ ಕಿತ್ತು ಗ್ವಾಡಿಗೆ ಆನಿಸಿ, ಸೀಟು ಎತ್ತಿ ನೋಡಿದ. ಹಿಂದಿನ ದೀಪದ ವಾಯರ್, ಸೀಟಿನ ಕಬ್ಬಿಣದ ಬುಡಕ. ಮ್ಯಾಲಿನ ಪ್ಲಾಸ್ಟಿಕ್ ಗಟ್ಟಿ, ಒಳಗ ತಾಮ್ರ ಹರದಿತ್ತು. ಭಾರ ಬಿದ್ರ ಬಿಡೂದು, ಎದ್ರ ಕೂಡೂದು. ಅದರ ಮ್ಯಾಲೆ ಕೆಂಪು ಟೇಪು. ಬ್ಯಾಡಗಿಯೊಳಗ ಕೆಂಪು ಟೇಪು ಸುತ್ತಾಂವ ರುದ್ರಮುನಿ ಒಬ್ಬನ. ಲಗೂ ಮುಗೀಲಿ ಅಂತ ಅಲ್ಲಿಂದ ವಾಯರ್ ಹಾಯಿಸಿದಾಂವ ತಾನ! ಗಿರಾಕಿ ಕುಂತ ಜಾಗಾದಾಗ ಕುಂದ್ರಾಕ ಅವಂಗ ಹೇಸಿಗಿ. ಮೂರು ಸಲದಾಗ ಒಂದು ಸಲ ಆ ಸೀಟಿನ್ಯಾಗ ಕುಂತು ಪೆಡಲ್ ತುಳದಿದ್ರ, ಮುದುಕ ಇವತ್ತ ಮನ್ಯಾಗ ಉಣತಿದ್ದ. ಹುಚ್ಚಪ್ಯಾಲಿ!

ಅಲ್ಲೇ ಕುಂತ. ಅತ್ತ ಅಂತ. ಅಳಲಿ ಬಿಡ್ರಿ.

ಆಮ್ಯಾಲೆ ಎದ್ದು ಹೊಸಾ ವಾಯರ್ ಬಾಜೂಕಿಂದ ಎಳದ. ಸೀಟು ಕೂಡಿಸಿದ. ಕಡೀ ಜೋಡು ಗಟ್ಟಿ ಮಾಡಿದ ಕೂಡಲೆ ಹಿಂದಿನ ಗ್ವಾಡಿ ಮ್ಯಾಲೆ ಕೆಂಪು ಬೆಳಕು ಬಿತ್ತು. ಸೀಟು ಕಿರ್ರ್ ಅಂತು. ಬೆಳಕು ಅಲಗಾಡಲಿಲ್ಲ. ಮತ್ತ ಕಿರ್ರ್ ಅಂತು. ಬೆಳಕು ಹಂಗ ಐತಿ.

ಇದೆಲ್ಲಾ, ಇನ್ನ ಮುಂದಿಂದೂ, ಅವನ ಬಾಯಿಲೇ ಕೇಳೇನಿ, ಖರೇ ಹೇಳತೇನಿ. ತನ್ನ ತಪ್ಪಿನ ಕತಿ ತಾನ ಕಟ್ಟಿ ಹೇಳೋವಷ್ಟು ದೊಡ್ಡ ಮನಸು ಅವಂಗ ಎಲ್ಲಿಂದ ಬರಬೇಕು? ಅದಕ್ಕ ನಂಬೇನಿ.

ಮೊದಲ ಕಿತ್ತಿಟ್ಟದ್ದು ಮರತು, ಕಟಗಿ ಕೀಳಾಕಂತ ಪೆಡಲ್ ಹತ್ರ ಕೈ ಒಯ್ದ. ಕಟಗಿ ಅಲ್ಲಿ ಇರಲಿಲ್ಲ. ಗ್ವಾಡಿಗೆ ಆನಿಸಿದ್ದು ಗ್ವಾಡಿಗೇ ಇತ್ತು… ಪೆಡಲ್ ಮಾತ್ರ ನೆಲಕ್ಕ ಹತ್ತಿತ್ತು.

“ಸಾಕ್ರಿ ಯಜ್ಜಾರ…” ಅಂದ, ಪಿಸುಗುಟ್ಟಿ. “ಬಿಡ್ರಿ.”

ಠಕ್ ಅಂತ ಪೆಡಲ್ ಮ್ಯಾಲೆದ್ದಿತು. ದೀಪ ಆರಿತು.